ಕುಡಿಯುವ ಅಪ್ಪನ ಮನೆಯಲ್ಲಿ ಬೆಳೆದವರು: ಬನ್ನಿ, ಮಾತನಾಡೋಣ

ತುಂಗಭದ್ರೆ

ಕುಡಿತದ ಬಗ್ಗೆ ನಮ್ಮಲ್ಲಿ ಮಾತಿಗೆ ಬರವಿಲ್ಲ. ಕುಡಿಯುವವನನ್ನು ಬಿಡಿಸುವುದು ಹೇಗೆ, ಶಿಬಿರ ಎಲ್ಲಿ ನಡೆಯುತ್ತದೆ, ಹೆಂಡತಿ ಏನು ಮಾಡಬೇಕು ಎಂದು ಕೇಳುವವರೂ ಇದ್ದಾರೆ, ಹೇಳುವವರೂ ಇದ್ದಾರೆ. ಅದೇ ಮನೆಯ ಮೂಲೆಯಲ್ಲಿ ಕೂತು ಮಗ್ಗಿ ಬರೆಯುತ್ತಿದ್ದ ಮಗು ನಲವತ್ತು ದಾಟಿದ ಮೇಲೆ ಹೇಗಿದೆ ಎಂದು ಕೇಳುವವರು ಕಡಿಮೆ. ಅಪ್ಪ ತೀರಿಕೊಂಡರೆ, ಇಲ್ಲವೇ ಕುಡಿತ ಬಿಟ್ಟರೆ, ‘ಇನ್ನೇನು, ಎಲ್ಲ ಮುಗಿಯಿತಲ್ಲ’ ಎನ್ನುತ್ತಾರೆ. ಮುಗಿದಿರುವುದಿಲ್ಲ.

ನಾನು ದಾವಣಗೆರೆಯವಳು, ಬ್ಯಾಂಕಿನಲ್ಲಿ ಕೆಲಸ. ಅಪ್ಪ ಹತ್ತಿ ಗಿರಣಿಯಲ್ಲಿದ್ದರು. ಗಿರಣಿ ಮುಚ್ಚುವ ಮೊದಲು ಸಂಜೆ ಕುಡಿಯುತ್ತಿದ್ದರು, ಮುಚ್ಚಿದ ಮೇಲೆ ಬೆಳಗಿನಿಂದಲೇ. ಅವರು ಹೋಗಿ ಬಹಳ ಕಾಲವಾಯಿತು. ಈಗಲೂ ರಾತ್ರಿ ಗೇಟಿನ ಚಿಲಕ ಸದ್ದಾದರೆ ನನ್ನ ಹೊಟ್ಟೆ ಹಿಡಿದುಕೊಳ್ಳುತ್ತದೆ. ಬರುವವರು ನನ್ನ ಗಂಡ, ಕೈಯಲ್ಲಿ ಸೊಪ್ಪಿನ ಚೀಲ. ಹೆಜ್ಜೆಯ ಸದ್ದಿನಲ್ಲೇ ಇವತ್ತು ಎಷ್ಟು ಕುಡಿದಿದ್ದಾರೆ ಎಂದು ತಿಳಿದುಕೊಂಡು ತಮ್ಮ ತಂಗಿಯರನ್ನು ಹಿತ್ತಲಿಗೆ ಕರೆದೊಯ್ಯುತ್ತಿದ್ದ ಹುಡುಗಿಯ ಕಿವಿ ಇದು. ಕಚೇರಿಯಲ್ಲಿ ಯಾರ ದನಿ ಏರಿದರೂ, ತಪ್ಪು ಯಾರದೇ ಇರಲಿ, ಮೊದಲು ಕ್ಷಮೆ ಕೇಳುವವಳು ನಾನು. ತಮ್ಮ ತಂಗಿಯರಿಗೆ ಮದುವೆಯಾಗಿ ಮಕ್ಕಳಾಗಿವೆ. ಅವರ ಮನೆಯ ಗ್ಯಾಸ್ ಮುಗಿದರೂ ನಾನೇ ಹೊಣೆ ಎನಿಸುತ್ತದೆ. ಹಬ್ಬದ ಬೆಳಗ್ಗೆ ಎಲ್ಲರೂ ನಗುತ್ತಿದ್ದರೆ ನನಗೆ ಎದೆ ಬಡಿದುಕೊಳ್ಳುತ್ತದೆ, ಏಕೆಂದರೆ ನಮ್ಮ ಮನೆಯಲ್ಲಿ ದೊಡ್ಡ ಜಗಳಗಳೆಲ್ಲ ಆದದ್ದು ಹಬ್ಬದ ದಿನ.

ನಿಮ್ಮಲ್ಲಿ ಯಾರಿಗಾದರೂ ಹೀಗಿದೆಯೇ? ನಿಜವಾಗಿ ಕೆಲಸಕ್ಕೆ ಬಂದದ್ದು ಏನು? ‘ಧೈರ್ಯವಾಗಿರಿ’ ಎಂಬ ಮಾತು ಮಾತ್ರ ಬೇಡ. ಧೈರ್ಯ ನಮಗೆ ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು.

ನೆರಳುಮರ

ತುಂಗಭದ್ರೆಯವರೇ, ನಾನು ಜಿಲ್ಲಾ ಆಸ್ಪತ್ರೆಯೊಂದರ ಮನೋವೈದ್ಯಕೀಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ನಿಮ್ಮ ಚಿಲಕದ ಮಾತನ್ನು ಬೇರೆ ಬೇರೆ ರೂಪದಲ್ಲಿ ಕೇಳುತ್ತಲೇ ಇರುತ್ತೇನೆ. ಒಬ್ಬರಿಗೆ ಬೈಕಿನ ಸದ್ದು, ಒಬ್ಬರಿಗೆ ತಟ್ಟೆ ನೆಲಕ್ಕೆ ಬಿದ್ದ ಸದ್ದು, ಇನ್ನೊಬ್ಬರಿಗೆ ಬಸ್ಸಿನಲ್ಲಿ ಪಕ್ಕ ಕೂತವರ ಬ್ರಾಂಡಿ ವಾಸನೆ. ಅವರು ಬರುವುದು ಈ ಕಾರಣ ಹೇಳಿಕೊಂಡಲ್ಲ. ನಿದ್ದೆಯಿಲ್ಲ, ಗ್ಯಾಸ್ಟ್ರಿಕ್, ಎದೆ ಡವಡವ ಎಂದು ಬರುತ್ತಾರೆ. ಇಸಿಜಿ ಸರಿಯಿರುತ್ತದೆ. ‘ಮನೆಯಲ್ಲಿ ಯಾರಾದರೂ ಕುಡಿಯುತ್ತಿದ್ದರೇ?’ ಎಂದು ಕೇಳಿದಾಗ ಮಾತು ನಿಲ್ಲುತ್ತದೆ.

ಇದು ಮನಸ್ಸಿನ ದೌರ್ಬಲ್ಯವಲ್ಲ. ಅಪಾಯ ಕಂಡಾಗ ಮಿದುಳಿನ ಅಮಿಗ್ಡಲಾ ಎಂಬ ಭಾಗ ದೇಹವನ್ನು ಎಬ್ಬಿಸುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳು ಏರುತ್ತವೆ. ಅಪಾಯ ದಾಟಿದ ಮೇಲೆ ಎಲ್ಲವೂ ಇಳಿಯಬೇಕು. ವಾರದಲ್ಲಿ ಕೆಲವು ರಾತ್ರಿ ಗಲಾಟೆ, ಯಾವ ರಾತ್ರಿ ಎಂದು ಮೊದಲೇ ಗೊತ್ತಾಗುವುದಿಲ್ಲ ಎನ್ನುವ ಮನೆಯಲ್ಲಿ ಅದು ಇಳಿಯಲು ಬಿಡುವೇ ಸಿಗುವುದಿಲ್ಲ. ಹೊಡೆತಕ್ಕಿಂತಲೂ ಈ ‘ಯಾವಾಗ’ ಎಂಬ ಕಾಯುವಿಕೆಯೇ ಮಗುವನ್ನು ಹೆಚ್ಚು ಸವೆಸುತ್ತದೆ ಎಂಬುದು ನಾನು ಕೆಲಸದಲ್ಲಿ ಕಂಡುಕೊಂಡದ್ದು. ಕಳ್ಳರ ಕಾಲ ಮುಗಿಯಿತು ಎಂದು ಮನೆ ಕಾಯುವ ನಾಯಿಗೆ ಯಾರೂ ಹೇಳಿಲ್ಲ. ಅದು ಬೊಗಳುತ್ತಲೇ ಇದೆ.

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಿದರು. ಹೊಡೆತ, ಲೈಂಗಿಕ ದೌರ್ಜನ್ಯ, ಅಮ್ಮನ ಮೇಲಿನ ಹಲ್ಲೆ ಇವುಗಳ ಜೊತೆಗೆ ‘ಮನೆಯಲ್ಲಿ ವಿಪರೀತ ಕುಡಿಯುವವರಿದ್ದರೇ’ ಎಂಬುದೂ ಒಂದು ಪ್ರಶ್ನೆಯಾಗಿತ್ತು. 1998ರಲ್ಲಿ ಬಂದ ಮೊದಲ ವರದಿಯ ಪ್ರಕಾರ, ಇಂತಹ ನಾಲ್ಕು ಅಥವಾ ಹೆಚ್ಚು ಬಗೆಯ ಅನುಭವ ಇದ್ದವರಲ್ಲಿ, ಯಾವುದೂ ಇಲ್ಲದವರಿಗೆ ಹೋಲಿಸಿದರೆ, ಕುಡಿತ, ಮಾದಕ ವಸ್ತು, ಖಿನ್ನತೆ, ಆತ್ಮಹತ್ಯೆಯ ಯತ್ನಗಳ ಅಪಾಯ 4ರಿಂದ 12 ಪಟ್ಟು ಹೆಚ್ಚು. ಒಂದು ಎಚ್ಚರಿಕೆ. ಮೊಬೈಲಿನಲ್ಲಿ ಆ ಪ್ರಶ್ನಾವಳಿ ತುಂಬಿ ‘ನನಗೆ ಆರು ಅಂಕ, ನನ್ನ ಕಥೆ ಮುಗಿಯಿತು’ ಎಂದು ಕೂರಬೇಡಿ. ಅದು ಸಮುದಾಯವನ್ನು ಅಳೆಯುವ ಅಳತೆ, ಒಬ್ಬರ ಭವಿಷ್ಯ ಹೇಳುವುದಿಲ್ಲ. 2020ರಲ್ಲಿ ಆಂಡಾ ಅವರೇ ಈ ಮಾತನ್ನು ಬರೆದು ಎಚ್ಚರಿಸಿದರು.

ಪಡುವಣ ಗಾಳಿ

ಯಾರಿಗೂ ನೋವು ಮಾಡುವ ಉದ್ದೇಶವಿಲ್ಲ, ಆದರೆ ಹೇಳಲೇಬೇಕು. ನಮ್ಮ ತಲೆಮಾರಿನಲ್ಲಿ ಬೆತ್ತದ ಏಟು ತಿನ್ನದವರು ಯಾರಿದ್ದಾರೆ? ನಮ್ಮ ಊರಿನಲ್ಲಿ ಮೀನುಗಾರಿಕೆಗೆ ಹೋಗಿ ಬಂದ ಗಂಡಸರು ಕುಡಿಯುತ್ತಿದ್ದರು. ಆ ಮಕ್ಕಳಲ್ಲೇ ಎಂಜಿನಿಯರ್ ಆದವರಿದ್ದಾರೆ, ದುಬೈಗೆ ಹೋಗಿ ಮನೆ ಕಟ್ಟಿಸಿದವರಿದ್ದಾರೆ. ಎಲ್ಲದಕ್ಕೂ ಬಾಲ್ಯದ ಆಘಾತ ಎಂದು ಹೆಸರಿಟ್ಟರೆ, ಹಗಲೆಲ್ಲ ದುಡಿದು ಸೋತ ಆ ಅಪ್ಪಂದಿರನ್ನು ಸತ್ತ ಮೇಲೂ ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಆಗುವುದಿಲ್ಲವೇ? ಅವರ ಬಾಲ್ಯದ ಕಥೆ ಕೇಳಿದವರು ಯಾರು?

ತುಂಗಭದ್ರೆ

ಪಡುವಣ ಗಾಳಿಯವರೇ, ನಿಮ್ಮ ಕೊನೆಯ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೇನೆ. ನನ್ನ ಅಜ್ಜನೂ ಕುಡಿಯುತ್ತಿದ್ದರು. ಅಪ್ಪನ ಬೆನ್ನಿನ ಮೇಲೆ ಬೆಲ್ಟಿನ ಗುರುತು ಇತ್ತು. ನಾನು ಅವರನ್ನು ದ್ವೇಷಿಸುವುದಿಲ್ಲ. ಆದರೆ ಅವರ ನೋವು ಅರ್ಥವಾದ ಮಾತ್ರಕ್ಕೆ ನನ್ನ ಹೊಟ್ಟೆನೋವು ನಿಲ್ಲಲಿಲ್ಲ. ಎರಡನ್ನೂ ಒಟ್ಟಿಗೆ ಹೇಳಲು ಜಾಗ ಬೇಕು ಎಂದೇ ಇಲ್ಲಿ ಬರೆದೆ. ದುಬೈಗೆ ಹೋಗಿ ಮನೆ ಕಟ್ಟಿಸಿದವರು ರಾತ್ರಿ ನಿದ್ದೆ ಮಾಡುತ್ತಾರೆಯೇ ಎಂಬುದನ್ನು ಅವರ ಹೆಂಡತಿಯರನ್ನು ಕೇಳಬೇಕು. ನಾನು ಹೊರಗಿನಿಂದ ನೋಡಿದರೆ ಬಹಳ ಗಟ್ಟಿ ಹೆಂಗಸು. ಬಡ್ತಿ ಸಿಕ್ಕಿದೆ, ಸಾಲ ತೀರಿಸಿದ್ದೇನೆ, ಒಂದು ದಿನವೂ ರಜೆ ಹಾಕದವಳು ಎಂಬ ಹೆಸರಿದೆ. ರಜೆ ಹಾಕಿದರೆ ಏನೋ ಆಗಿಬಿಡುತ್ತದೆ ಎಂಬ ಭಯದಿಂದ ಬಂದ ಹೆಸರು ಅದು.

ಸಾಲುಮನೆ ಮೇಷ್ಟರು

ಮೂವತ್ತು ವರ್ಷಕ್ಕೂ ಹೆಚ್ಚು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನು ನಾನು. ಇಂತಹ ಮಕ್ಕಳು ತರಗತಿಯಲ್ಲಿ ಗುರುತು ಸಿಗುತ್ತಾರೆ. ಒಂದು ಮಗು ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತದೆ. ಇನ್ನೊಂದು ಅತಿಯಾಗಿ ಒಳ್ಳೆಯದು: ಬೋರ್ಡು ಒರೆಸುತ್ತದೆ, ಕೋಪ ಬರುವ ಮೊದಲೇ ಮೇಷ್ಟರ ಮುಖ ಓದುತ್ತದೆ. ನಿದ್ದೆ ಹೋದವನಿಗೆ ಏಟು ಬೀಳುತ್ತಿತ್ತು, ಒಳ್ಳೆಯವಳಿಗೆ ಬಹುಮಾನ. ಇಬ್ಬರ ಮನೆಯೂ ಒಂದೇ ಎಂದು ನಮಗೆ ಬಹಳ ತಡವಾಗಿ ತಿಳಿಯುತ್ತಿತ್ತು.

ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ನಿಷೇಧಿಸಿತು. ಕಾನೂನು ಬಂದದ್ದು ಒಳ್ಳೆಯದಾಯಿತು. ಆದರೆ ಮಗುವಿಗೆ ಏಟು ತಪ್ಪಿದರೆ ಸಾಲದು, ಯಾರಾದರೂ ಒಬ್ಬರು ಬೇಕು. ನಮ್ಮ ಶಾಲೆಯ ಬಿಸಿಯೂಟದ ಅಕ್ಕ ಒಬ್ಬ ಹುಡುಗನನ್ನು ಸಂಜೆ ಪಾತ್ರೆ ತೊಳೆದು ಮುಗಿಯುವವರೆಗೆ ಜೊತೆಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಅವನು ಅಲ್ಲೇ ಲೆಕ್ಕ ಮಾಡುತ್ತಿದ್ದ. ಈಗ ಅವನು ಕೆಎಸ್‌ಆರ್‌ಟಿಸಿಯಲ್ಲಿ ಮೆಕ್ಯಾನಿಕ್; ಆ ಅಕ್ಕನ ಮಗಳ ಮದುವೆಯಲ್ಲಿ ಬಡಿಸಲು ನಿಂತವರಲ್ಲಿ ಅವನೇ ಮೊದಲಿಗ.

ನೆರಳುಮರ

ಮೇಷ್ಟರೇ, ನೀವು ಹೇಳಿದ್ದಕ್ಕೆ ದೊಡ್ಡ ಅಧ್ಯಯನವೊಂದರ ಬೆಂಬಲವಿದೆ. ಹವಾಯಿಯ ಕೌವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಎಂಬ ಮನಃಶಾಸ್ತ್ರಜ್ಞೆ ತಮ್ಮ ಸಂಗಡಿಗರೊಂದಿಗೆ ನಡುವಯಸ್ಸಿನವರೆಗೂ ಹಿಂಬಾಲಿಸಿದರು. ಬಡತನ, ಜಗಳ, ಕುಡಿತ, ಮಾನಸಿಕ ಕಾಯಿಲೆ ಹೀಗೆ ಹಲವು ಹೊರೆ ಒಟ್ಟಿಗೆ ಹೊತ್ತ ಮಕ್ಕಳಲ್ಲಿ ಮೂರರಲ್ಲಿ ಒಬ್ಬರು ಸಮರ್ಥ, ಪ್ರೀತಿಯುಳ್ಳ ವಯಸ್ಕರಾಗಿ ಬೆಳೆದರು. 1986ರಲ್ಲಿ ಅವರು ಅದೇ ದ್ವೀಪದ, ಕುಡುಕ ತಂದೆ ಅಥವಾ ತಾಯಿಯ 49 ಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಬರೆದರು. 18 ವರ್ಷದ ಹೊತ್ತಿಗೆ 41 ಶೇಕಡಾ ಮಕ್ಕಳಿಗೆ ಗಂಭೀರ ತೊಂದರೆಗಳಿದ್ದವು, 59 ಶೇಕಡಾ ಮಕ್ಕಳಿಗೆ ಇರಲಿಲ್ಲ.

ತಪ್ಪಿಸಿಕೊಂಡವರಿಗೆ ಏನಿತ್ತು? ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು, ಶಿಕ್ಷಕರು, ಯಾರೋ ಒಬ್ಬರು ಬಿಡದೆ ಜೊತೆಗಿದ್ದರು. ಹದಿವಯಸ್ಸಿನಲ್ಲಿ ದಾರಿ ತಪ್ಪಿದ ಅನೇಕರು ಮೂವತ್ತು, ನಲವತ್ತರ ಹೊತ್ತಿಗೆ ಸರಿಯಾದದ್ದೂ ಆ ಅಧ್ಯಯನದಲ್ಲಿ ಕಂಡಿತು: ಮತ್ತೆ ಓದಲು ಹೋದವರು, ಒಳ್ಳೆಯ ಸಂಗಾತಿ ಸಿಕ್ಕವರು, ನಂಬಿಕೆಯ ಸಮುದಾಯವೊಂದಕ್ಕೆ ಸೇರಿದವರು. ಹಾಗಾಗಿ ಚೇತರಿಕೆ ಎಂದರೆ ಎದೆಯೊಳಗೆ ಹುಟ್ಟಿನಿಂದ ಬರುವ ಗಟ್ಟಿತನ ಎಂದು ನಾನು ಒಪ್ಪುವುದಿಲ್ಲ. ಯಾರಾದರೂ ನಮಗೆ ಕೊಟ್ಟದ್ದು ಅದು. ಬಾಲ್ಯದಲ್ಲಿ ಸಿಗಲಿಲ್ಲವಾದರೆ ದೊಡ್ಡವರಾದ ಮೇಲೆ ನಾವೇ ಹೋಗಿ ಹುಡುಕಿಕೊಳ್ಳಬಹುದು.

ಮಲ್ಲಿಗೆ ಮೊಗ್ಗು

ಎಲ್ಲ ಓದಿದೆ. ನನ್ನ ಹೆದರಿಕೆ ಬೇರೆ. ನನ್ನ ಅಪ್ಪ ಕುಡಿತದಿಂದಲೇ ಹೋದರು, ಯಕೃತ್ತು ಹಾಳಾಗಿತ್ತು. ಅಣ್ಣನೂ ಕುಡಿಯುತ್ತಾನೆ. ನನಗೆ ಒಂಬತ್ತು ವರ್ಷದ ಮಗನಿದ್ದಾನೆ. ರಕ್ತದಲ್ಲೇ ಬರುತ್ತದೆ ಎಂದು ಅತ್ತೆ ಮನೆಯವರು ಆಡಿಕೊಳ್ಳುತ್ತಾರೆ. ಅವನು ಹಟ ಮಾಡಿದಾಗೆಲ್ಲ ನನಗೆ ಅಪ್ಪನ ಮುಖ ಕಾಣುತ್ತದೆ. ದಯವಿಟ್ಟು ಗೊತ್ತಿದ್ದವರು ನಿಜ ಹೇಳಿ.

ನೆರಳುಮರ

ತಂಗಿ, ನಿಜವನ್ನೇ ಹೇಳುತ್ತೇನೆ. ಅವಳಿಗಳ ಮೇಲಿನ ಅಧ್ಯಯನಗಳ ಪ್ರಕಾರ ಮದ್ಯವ್ಯಸನದ ಅಪಾಯದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಕಾಣುವ ವ್ಯತ್ಯಾಸದ ಸುಮಾರು ಅರ್ಧವನ್ನು ಅನುವಂಶೀಯತೆ ವಿವರಿಸುತ್ತದೆ. ಇದರರ್ಥ ಮಕ್ಕಳಲ್ಲಿ ಅರ್ಧದಷ್ಟು ಜನ ಕುಡುಕರಾಗುತ್ತಾರೆ ಎಂದಲ್ಲ. ಬರುವುದು ಒಲವು, ಕಾಯಿಲೆಯಲ್ಲ. ನಿಮ್ಮ ಮಗನಿಗೆ ಹದಿಹರೆಯದಲ್ಲಿ, ಮಧುಮೇಹ ಇರುವ ಮನೆಯವರು ಹೇಳುವ ಹಾಗೆಯೇ, ‘ನಮ್ಮ ಮನೆತನದಲ್ಲಿ ಇದು ಇದೆ, ನೀನು ಮೊದಲ ಲೋಟವನ್ನು ಆದಷ್ಟು ದೂರ ಇಡು’ ಎಂದು ನೇರವಾಗಿ ಹೇಳಿ. ಬೇಗ ಕುಡಿಯಲು ಶುರುಮಾಡಿದವರಿಗೆ ಮುಂದೆ ಚಟವಾಗುವ ಸಾಧ್ಯತೆ ಹೆಚ್ಚು.

ಇನ್ನೊಂದು ವಿಷಯ ನಿಮ್ಮ ಕೈಯಲ್ಲೇ ಇದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಮನೋವೈದ್ಯ ಸ್ಟೀವನ್ ವೊಲಿನ್ ಮತ್ತು ಮಾನವಶಾಸ್ತ್ರಜ್ಞೆ ಲಿಂಡಾ ಬೆನೆಟ್ ಅವರ ತಂಡ, ಕುಡಿಯುವ ತಂದೆ ಅಥವಾ ತಾಯಿ ಇದ್ದ ಮನೆಗಳಲ್ಲಿ ಊಟದ ಹೊತ್ತು, ಹಬ್ಬ, ರಜೆ ಇವು ಏನಾದವು ಎಂದು ನೋಡಿತು. ಕುಡಿತದ ನಡುವೆಯೂ ಈ ಪದ್ಧತಿಗಳನ್ನು ಬಿಡದೆ ಉಳಿಸಿಕೊಂಡ ಮನೆಗಳಲ್ಲಿ ಮುಂದಿನ ತಲೆಮಾರಿಗೆ ಚಟ ದಾಟುವುದು ಕಡಿಮೆಯಿತ್ತು. ಅಧ್ಯಯನ ಸಣ್ಣದು, ಆದರೆ ನನಗೆ ಬಹಳ ಉಪಯೋಗಕ್ಕೆ ಬಂದಿದೆ.

ತುಂಗಭದ್ರೆ

ಇದು ನನಗೆ ಹೊಸ ವಿಷಯ. ಅಮ್ಮ ನೆನಪಾದರು. ಅಪ್ಪ ಎಷ್ಟೇ ಗಲಾಟೆ ಮಾಡಿದ್ದರೂ ಅಮ್ಮ ಯುಗಾದಿಗೆ ನಮಗೆ ಎಣ್ಣೆಸ್ನಾನ ಮಾಡಿಸದೆ ಬಿಟ್ಟವರಲ್ಲ. ಕಣ್ಣು ಊದಿರುತ್ತಿತ್ತು, ಕೈ ಮಾತ್ರ ನಮ್ಮ ತಲೆಗೆ ಹರಳೆಣ್ಣೆ ತಿಕ್ಕುತ್ತಿತ್ತು. ಅದೆಲ್ಲ ಯಾರಿಗೆ ಬೇಕು ಎಂದು ಆಗ ನನಗೆ ಸಿಟ್ಟು ಬರುತ್ತಿತ್ತು. ನಾವು ಮೂವರಲ್ಲಿ ಯಾರೂ ಕುಡಿಯುವುದಿಲ್ಲ. ಅದಕ್ಕೆ ಹರಳೆಣ್ಣೆಯೇ ಕಾರಣ ಎನ್ನುವುದಿಲ್ಲ, ಆದರೆ ವರ್ಷದಲ್ಲಿ ಆ ಒಂದು ಬೆಳಗನ್ನು ಅಪ್ಪನಿಗೆ ಬಿಟ್ಟುಕೊಡದೆ ಅಮ್ಮ ಕಾಪಾಡಿದ್ದರು ಎಂದು ಈಗ ಅನಿಸುತ್ತಿದೆ.

ಲಿಫಿ ದಡದ ಕನ್ನಡಿಗ

ಡಬ್ಲಿನ್‌ನಿಂದ ಬರೆಯುತ್ತಿದ್ದೇನೆ, ಊರು ಹಾಸನದ ಕಡೆ. ನನ್ನನ್ನು ಎತ್ತಿ ನಿಲ್ಲಿಸಿದ್ದು ಒಂದು ಗುಂಪು. ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಎಂಬ ಬಳಗ ಅಮೆರಿಕದಲ್ಲಿ 1951ರಲ್ಲಿ ಶುರುವಾಯಿತು. ಅಂತಹ ಮನೆಗಳಲ್ಲಿ ಬೆಳೆದು ದೊಡ್ಡವರಾದವರಿಗೆಂದೇ ಬೇರೆ ಗುಂಪುಗಳು 1970ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದವು. ಬೆಂಗಳೂರಿನಲ್ಲೂ ಅಲ್-ಅನಾನ್ ಸಭೆಗಳಿವೆ. ಶುಲ್ಕವಿಲ್ಲ, ಹೆಸರು ಹೇಳಬೇಕಾಗಿಲ್ಲ.

ಅಲ್ಲಿ ಒಬ್ಬರು ಮಾತನಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ, ಸಲಹೆ ಕೊಡುವಂತಿಲ್ಲ. ಮೊದಮೊದಲು ನಾನು ಸುಮ್ಮನೆ ಕೂತು ಬಂದೆ. ಆಮೇಲೆ ಒಮ್ಮೆ, ಸಂತೆ ಮೈದಾನದ ಚರಂಡಿಯ ಪಕ್ಕ ಬಿದ್ದಿದ್ದ ಅಪ್ಪನನ್ನು ಗೆಳೆಯರು ನೋಡುವ ಮೊದಲೇ ಎಬ್ಬಿಸಿ ಸೈಕಲ್ಲಿನ ಮೇಲೆ ಕೂರಿಸಿ ತಂದದ್ದನ್ನು ಹೇಳಿದೆ. ಅಲ್ಲಿದ್ದ ಐರಿಷ್ ಮುದುಕರೊಬ್ಬರು ತಲೆಯಾಡಿಸಿದರು, ಅಷ್ಟೇ. ನಾನು ಹಾಸನದಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಅವರಿಗೆ ಮೊದಲೇ ಗೊತ್ತಿತ್ತು ಎನ್ನುವಂತೆ ತಲೆಯಾಡಿಸಿದರು. ‘ಮನೆಯ ಮಾತು ಹೊರಗೆ ಹೋಗಬಾರದು’ ಎಂದು ಅಮ್ಮ ಕಲಿಸಿದ್ದು ನಮ್ಮ ಮಾನ ಉಳಿಸಲು. ಆದರೆ ಆ ಮಾತಿನ ಒಳಗೆ ನಾನು ಒಬ್ಬನೇ ಉಳಿದುಬಿಟ್ಟಿದ್ದೆ.

ಬಿಟ್ಟವನು

ನಾನು ಇಲ್ಲಿ ಬರೆಯಬಹುದೋ ಇಲ್ಲವೋ ತಿಳಿಯದು. ನಾನು ಆ ಕಡೆಯವನು. ಉತ್ತರ ಕನ್ನಡದವನು. ಮೊದಲು ಸಾರಾಯಿ, 2007ರ ಜುಲೈಯಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದ ಮೇಲೆ ಅಗ್ಗದ ವಿಸ್ಕಿ ಪೊಟ್ಟಣ. ಧರ್ಮಸ್ಥಳ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟೆ. ಕುಡಿತ ಬಿಟ್ಟವರ ನವಜೀವನ ಸಮಿತಿಯ ಸಭೆಗೆ ಈಗಲೂ ಹೋಗುತ್ತೇನೆ. ಊರಿನಲ್ಲಿ ನನಗೆ ಈಗ ಗೌರವವಿದೆ, ಹಾರವನ್ನೂ ಹಾಕಿದ್ದಾರೆ. ಮಗಳು ಮಾತ್ರ ನನ್ನ ಎದುರು ಕೂತು ಊಟ ಮಾಡುವುದಿಲ್ಲ. ಶಿಬಿರದಲ್ಲಿ ಹೆಂಡತಿಯ ಕಾಲು ಹಿಡಿದು ಕ್ಷಮೆ ಕೇಳಿದ್ದೆ, ಅವಳು ಕ್ಷಮಿಸಿದಳು. ಮಗಳನ್ನು ಹೇಗೆ ಕೇಳಲಿ? ನಿಮ್ಮಂತಹ ಮಕ್ಕಳೇ ಹೇಳಬೇಕು.

ತುಂಗಭದ್ರೆ

ಅಣ್ಣಾ, ನೀವು ಬರೆದದ್ದು ಒಳ್ಳೆಯದಾಯಿತು. ನನ್ನ ಅಪ್ಪ ಹೀಗೆ ಯಾರ ಬಳಿಯೂ ಕೇಳಲಿಲ್ಲ, ಆದ್ದರಿಂದ ನನಗೆ ಏನು ಬೇಕಿತ್ತು ಎಂಬುದನ್ನಷ್ಟೇ ಹೇಳಬಲ್ಲೆ.

ಕಾಲು ಹಿಡಿಯಬೇಡಿ. ಅಪ್ಪ ಕಾಲು ಹಿಡಿದರೆ ಮಗಳು ‘ಪರವಾಗಿಲ್ಲಪ್ಪಾ’ ಎನ್ನಲೇಬೇಕಾಗುತ್ತದೆ, ಮತ್ತೆ ನಿಮ್ಮನ್ನು ಸಮಾಧಾನಪಡಿಸುವ ಕೆಲಸ ಅವಳ ತಲೆಗೆ ಬೀಳುತ್ತದೆ. ‘ಆಗ ನನಗೆ ಪ್ರಜ್ಞೆ ಇರಲಿಲ್ಲ’ ಎಂದೂ ಹೇಳಬೇಡಿ. ಏನಾಯಿತೋ ಅದನ್ನು ಹೆಸರಿಟ್ಟು ಹೇಳಿ: ನಿನ್ನ ಪುಸ್ತಕ ಒಲೆಗೆ ಹಾಕಿದೆ, ನಿನ್ನ ಗೆಳತಿಯರ ಮುಂದೆ ಬೈದೆ. ಅವಳು ಉತ್ತರ ಕೊಡದಿದ್ದರೆ ಕೊಡದಿರಲಿ. ಆಮೇಲೆ ಹೇಳಿದ ಹೊತ್ತಿಗೆ ಮನೆಗೆ ಬನ್ನಿ, ಹೇಳಿದ ದಿನ ಹಣ ಕಳಿಸಿ, ವರ್ಷಗಟ್ಟಲೆ. ನಿಮಗೆ ಊರಿನವರು ಹಾಕಿದ ಹಾರವನ್ನು ಅವಳು ನೋಡಿದ್ದಾಳೆ. ಅವಳು ಆ ಮನೆಯಲ್ಲಿ ಪಾಸಾಗಿ ಬಂದದ್ದಕ್ಕೆ ಯಾರೂ ಹಾರ ಹಾಕಲಿಲ್ಲ ಎಂಬುದು ನಿಮಗೆ ನೆನಪಿರಲಿ.

ಪಡುವಣ ಗಾಳಿ

ಹಾರದ ಮಾತು ನನಗೂ ತಾಗಿತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಹೆಂಗಸರು ಸಾವಿರಗಟ್ಟಲೆ ನಡೆದು ಬಂದರಲ್ಲ, ಅವರ ಮಾತಿನಲ್ಲೂ ಮಕ್ಕಳ ವಿಷಯ ಇದ್ದೇ ಇತ್ತು. ನಾವು ಅದನ್ನು ಹೆಂಗಸರ ಹೋರಾಟ ಎಂದಷ್ಟೇ ನೋಡಿದೆವು. ಅಪ್ಪಂದಿರ ಬಗ್ಗೆ ನಾನು ಹೇಳಿದ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ನನ್ನ ಅಕ್ಕನಿಗೆ ಇವತ್ತು ರಾತ್ರಿ ಫೋನ್ ಮಾಡುತ್ತೇನೆ.

ಒಂದು ಪ್ರಶ್ನೆ: ಗುಂಪು ಹತ್ತಿರದಲ್ಲಿ ಇಲ್ಲದವರು, ಬೆಂಗಳೂರಿನ ಕೌನ್ಸೆಲರ್ ಶುಲ್ಕ ಕೊಡಲಾಗದವರು ಏನು ಮಾಡಬೇಕು?

ನೆರಳುಮರ

14416ಕ್ಕೆ ಕರೆ ಮಾಡಬಹುದು. ಇದು ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯಿತು, ನಿಮ್ಹಾನ್ಸ್ ಅದರ ಕೇಂದ್ರ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲಿ ಮಾತನಾಡುತ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಗಳಿಗೂ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ಹೋಗುವ ಮೊದಲು ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ. ಈಗಲೂ ಮಕ್ಕಳಿರುವ ಮನೆಯಲ್ಲಿ ಹೊಡೆತ ನಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098, ಕೂಡಲೇ ಜೀವಭಯವಿದ್ದರೆ ತುರ್ತು ಸಂಖ್ಯೆ 112. ಬಹಳ ಕಾಲ ದಿನವೂ ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣಕ್ಕೂ ಅಪಾಯ.

ಹಳೆಯ ದೃಶ್ಯಗಳು ಕಣ್ಣ ಮುಂದೆ ಮತ್ತೆ ನಡೆಯುವಂತೆ ಬರುವುದು, ಕೆಟ್ಟ ಕನಸು, ಸಿಟ್ಟು ಹಿಡಿತಕ್ಕೆ ಸಿಗದಿರುವುದು, ‘ನಾನು ಯಾವುದಕ್ಕೂ ಲಾಯಕ್ಕಲ್ಲ’ ಎಂಬ ಭಾವ ಗಟ್ಟಿಯಾಗಿ ಕೂತಿರುವುದು ಇವೆಲ್ಲ ಒಟ್ಟಿಗೆ ಇದ್ದರೆ ಸ್ನೇಹಿತರ ಮಾತು ಸಾಲದು, ತರಬೇತಿ ಪಡೆದವರ ಬಳಿ ಹೋಗಬೇಕು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿದೆ, ಚಿಕಿತ್ಸೆಯೂ ಇದೆ. ಒಳ್ಳೆಯ ಚಿಕಿತ್ಸಕರು ಮೊದಲ ದಿನವೇ ಎಲ್ಲವನ್ನೂ ಅಗೆಯುವುದಿಲ್ಲ. ಈಗ ನೀವಿರುವ ಮನೆ ಸುರಕ್ಷಿತವೇ, ನಿದ್ದೆ ಬರುತ್ತಿದೆಯೇ ಎಂದು ಮೊದಲು ನೋಡುತ್ತಾರೆ.

ಅಷ್ಟು ತೀವ್ರವಿಲ್ಲದವರು ಬರೆದು ನೋಡಬಹುದು. 1980ರ ದಶಕದಲ್ಲಿ ಜೇಮ್ಸ್ ಪೆನ್ನೆಬೇಕರ್ ಎಂಬ ಮನಃಶಾಸ್ತ್ರಜ್ಞ ವಿದ್ಯಾರ್ಥಿಗಳಿಗೆ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಯಾರಿಗೂ ತೋರಿಸದೆ ಮನಸ್ಸಿನ ದೊಡ್ಡ ನೋವನ್ನು ಬರೆಯಲು ಹೇಳಿದರು. ಬರೆದ ದಿನ ಮನಸ್ಸು ಭಾರವಾಯಿತು, ಆದರೆ ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿ ಹೋಗುವುದು ಕಡಿಮೆಯಾಯಿತು. ಬರೆಯುತ್ತ ಕೈ ನಡುಗತೊಡಗಿದರೆ ನಿಲ್ಲಿಸಿ.

ಚಿಲಕದ ಸದ್ದಿಗೆ ನಾನು ಹೇಳಿಕೊಡುವುದು ಒಂದೇ: ಕಾಲನ್ನು ನೆಲಕ್ಕೆ ಒತ್ತಿ, ಉಸಿರನ್ನು ಒಳಗೆ ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಿ, ಕಣ್ಣಿಗೆ ಕಾಣುವ ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳಿ. ಸಣ್ಣ ಕೆಲಸ. ನಾಯಿಗೆ ಕಳ್ಳರ ಕಾಲ ಮುಗಿದದ್ದು ಒಂದೇ ದಿನದಲ್ಲಿ ತಿಳಿಯುವುದಿಲ್ಲ.

ತುಂಗಭದ್ರೆ

ಗಂಡನಿಗೆ ಈ ಚರ್ಚೆಯನ್ನು ಓದಿಸಿದೆ. ಇನ್ನು ಮೇಲೆ ಬೀದಿಯ ತಿರುವಿನಿಂದಲೇ ಫೋನ್ ಮಾಡಿ ಬರುತ್ತೇನೆ ಎಂದರು. ಬೇಡ, ಒಳಗೆ ಬಂದು ನನ್ನ ಹೆಸರು ಕರೆಯಿರಿ ಸಾಕು ಎಂದೆ.

ದಾವಣಗೆರೆಯಲ್ಲಿ ಒಂದು ಗುಂಪು ಶುರುಮಾಡುವ ಮನಸ್ಸಾಗಿದೆ. ಲಿಫಿ ದಡದವರು ಹೇಳಿದ ನಿಯಮಗಳೇ ಇರಲಿ: ನಡುವೆ ಬಾಯಿ ಹಾಕುವಂತಿಲ್ಲ, ಸಲಹೆ ಇಲ್ಲ, ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು. ಭಾನುವಾರ ಮಧ್ಯಾಹ್ನ ಆದರೆ ಹೆಂಗಸರಿಗೂ ಅನುಕೂಲ. ಬರುವವರು ಖಾಸಗಿಯಾಗಿ ಸಂದೇಶ ಕಳಿಸಿ.

ಬಿಟ್ಟವನು

ನನ್ನಂತಹವರು ಬರಬಹುದೇ? ಹಿಂದೆ ಕೂತು ಕೇಳುತ್ತೇನೆ, ಮಾತನಾಡುವುದಿಲ್ಲ.

ತುಂಗಭದ್ರೆ

ಅಣ್ಣಾ, ಈ ಗುಂಪಿಗೆ ಬೇಡ. ನಿಮ್ಮ ಮೇಲಿನ ಸಿಟ್ಟಿನಿಂದ ಹೇಳುತ್ತಿಲ್ಲ. ನೀವು ಹಿಂದೆ ಕೂತಿದ್ದರೆ ನಮ್ಮಲ್ಲಿ ಅರ್ಧದಷ್ಟು ಜನ ನಿಮ್ಮ ಮುಖ ನೋಡಿಕೊಂಡೇ ಮಾತನಾಡುತ್ತೇವೆ, ನಿಮಗೆ ನೋವಾಗದ ಹಾಗೆ. ಅದೇ ಅಭ್ಯಾಸವನ್ನು ಬಿಡಲು ನಾವು ಸೇರುತ್ತಿರುವುದು. ನಿಮ್ಮ ಮಗಳು ಬರುವುದಾದರೆ ಕಳಿಸಿ. ನೀವು ಹೇಳಿದಿರಿ ಎಂದು ಬರುವುದು ಬೇಡ. ಅವಳಿಗೆ ಬೇಕೆನಿಸಿದರೆ ಬರಲಿ. ಅವಳು ಬಂದಳೋ ಇಲ್ಲವೋ, ಏನು ಹೇಳಿದಳು ಎಂಬುದನ್ನು ಮಾತ್ರ ನಾನು ನಿಮಗೆ ಎಂದೂ ತಿಳಿಸುವುದಿಲ್ಲ.